ಪದ ಪರಿಚಯ: ಥರ್ಮಲ್ ಸೈಕ್ಲಿಂಗ್

ಗಾಳಿಯಂತ್ರ ಕೆಟ್ಟು ನಿಂತಿದೆ ಅಂದರೆ ರೆಕ್ಕೆ ಮುರಿದಿರಬೇಕು, ಇಲ್ಲ ಗೇರ್‌ಬಾಕ್ಸ್ ಹೋಗಿರಬೇಕು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಕೈಕೊಡುವುದು ಕನ್ವರ್ಟರ್. ಗಾಳಿ ಹೇಗೆ ಬೀಸಿದರೂ ಗ್ರಿಡ್‌ಗೆ 50 ಹರ್ಟ್ಸ್ ಕರೆಂಟೇ ಬೇಕಲ್ವಾ, ಆ ಹೊಂದಾಣಿಕೆ ಮಾಡುವ ಭಾಗ ಇದು. ಒಳಗೆ ಐಜಿಬಿಟಿ ಎಂಬ ಸಿಲಿಕಾನ್ ಚಿಪ್‌ನ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತವೆ.

ಕರೆಂಟ್ ಜಾಸ್ತಿ ಹರಿದಾಗ ಚಿಪ್ ಬಿಸಿಯಾಗುತ್ತದೆ, ಕಡಿಮೆಯಾದಾಗ ತಣಿಯುತ್ತದೆ. ಈ ಏರಿಳಿತ ಮತ್ತೆ ಮತ್ತೆ ಆಗುವುದೇ ಥರ್ಮಲ್ ಸೈಕ್ಲಿಂಗ್. ಚಿಪ್ ತನ್ನದೇ ಕರೆಂಟಿನಿಂದ ಬಿಸಿಯಾದರೆ ಅದನ್ನು ಪವರ್ ಸೈಕ್ಲಿಂಗ್ ಅಂತ ಪರಿಣತರು ಬೇರೆ ಮಾಡಿ ಹೇಳುತ್ತಾರೆ. ಮಾತಿನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

ಈ ಚಿಪ್‌ಗಳನ್ನು ಕೂರಿಸಿದ ಪುಟ್ಟ ಪೆಟ್ಟಿಗೆಯನ್ನು, ಅಂದರೆ ಮಾಡ್ಯೂಲನ್ನು, ಬಿಚ್ಚಿದರೆ ಸಿಲಿಕಾನ್ ಚಿಪ್ ಮೇಲೆ ಸಾಲಾಗಿ ಕೂರಿಸಿದ ಅಲ್ಯೂಮಿನಿಯಂ ತಂತಿಗಳು ಕಾಣುತ್ತವೆ. ದಪ್ಪ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಸಿಲಿಕಾನ್‌ಗಿಂತ ಐದು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಪ್ರತಿ ಸುತ್ತಿನಲ್ಲೂ ಬೆಸುಗೆಯ ಜಾಗದಲ್ಲಿ ಎಳೆದಾಟ. ಬೈಂಡಿಂಗ್ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಅಲ್ಲಿ ಬಿರುಕು ಬೆಳೆಯುತ್ತದೆ. ಒಂದು ತಂತಿ ಕಿತ್ತುಬಂದರೆ ಅದರ ಪಾಲಿನ ಕರೆಂಟ್ ಉಳಿದವುಗಳ ಮೇಲೆ ಬೀಳುತ್ತದೆ, ಅವು ಇನ್ನಷ್ಟು ಬಿಸಿಯಾಗುತ್ತವೆ, ಆಮೇಲೆ ಅವುಗಳ ಸರದಿ.

ಎಷ್ಟು ಬಿಸಿ ಅನ್ನುವುದಕ್ಕಿಂತ ಎಷ್ಟು ಏರಿಳಿತ ಅನ್ನುವುದೇ ಇಲ್ಲಿ ಮುಖ್ಯ. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನ ಲೆಸಿಟ್ ಯೋಜನೆಯ ಪ್ರಯೋಗಗಳಿಂದ ಬಂದ ಸೂತ್ರದ ಪ್ರಕಾರ, ಏರಿಳಿತ ದುಪ್ಪಟ್ಟಾದರೆ ತಾಳುವ ಸುತ್ತುಗಳ ಸಂಖ್ಯೆ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಡಿಎಫ್‌ಐಜಿ ಮಾದರಿಯ ಯಂತ್ರಗಳಲ್ಲಿ, ಅಂದರೆ ಜನರೇಟರ್‌ನ ತಿರುಗುವ ಭಾಗವಾದ ರೋಟರ್‌ಗೆ ಕನ್ವರ್ಟರ್ ಜೋಡಿಸಿದವುಗಳಲ್ಲಿ, ಇನ್ನೊಂದು ತೊಡಕಿದೆ. ಜನರೇಟರ್ ಸಿಂಕ್ರೊನಸ್ ವೇಗದ (ಗ್ರಿಡ್‌ನ 50 ಹರ್ಟ್ಸ್‌ಗೆ ಸರಿಹೊಂದುವ ವೇಗ) ಹತ್ತಿರ ಬಂದಾಗ ರೋಟರ್ ಕಡೆಯ ಕರೆಂಟ್ ಒಂದೆರಡು ಹರ್ಟ್ಸ್‌ಗೆ ಇಳಿಯುತ್ತದೆ. ಆಗ ಒಂದೊಂದು ಸ್ವಿಚ್ಚೂ ತುಂಬಾ ಹೊತ್ತು ಭಾರ ಹೊತ್ತು, ಚೆನ್ನಾಗಿ ಕಾದು, ಅಷ್ಟೇ ಚೆನ್ನಾಗಿ ತಣಿಯುತ್ತದೆ.

ಲೆಕ್ಕ ಇಷ್ಟು ಸೊಗಸಾಗಿದ್ದಾಗ ಎಲ್ಲ ತಪ್ಪನ್ನೂ ಇದರ ತಲೆಗೇ ಕಟ್ಟುವುದು ಸುಲಭ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧಕರು ಗಾಳಿಯಂತ್ರಗಳಲ್ಲಿ ನಿಜವಾಗಿ ಕೆಟ್ಟಿದ್ದ ಮಾಡ್ಯೂಲ್‌ಗಳನ್ನು ಬಿಚ್ಚಿ ನೋಡಿದರು. ತಂತಿ ಮತ್ತು ಬೆಸುಗೆ ಸವೆದದ್ದೇ ಮುಖ್ಯ ಕಾರಣ ಅನ್ನುವುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಬದಲಿಗೆ ತೇವ, ಒಳಗೆ ಕಟ್ಟುವ ನೀರಹನಿ, ಕೊಳೆ ಇವುಗಳ ಕಡೆ ಬೆರಳು ತೋರಿತು. ಚಿಪ್ ಮೇಲೆ ಸುರಿಯುವ ಸಿಲಿಕೋನ್ ಜೆಲ್ ನೀರಾವಿಯನ್ನು ತಡೆಯುವುದಿಲ್ಲ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ. ನನ್ನ ಕೇಳಿದರೆ, ಥರ್ಮಲ್ ಸೈಕ್ಲಿಂಗ್ ಸುಮ್ನೆ ಕಟ್ಟುಕಥೆ ಅಂತ ಇದರ ಅರ್ಥ ಅಲ್ಲ. ತಯಾರಕರು ಅದನ್ನು ಲೆಕ್ಕ ಹಾಕಿಯೇ ವಿನ್ಯಾಸ ಮಾಡುತ್ತಾರೆ. ತೇವದ ಲೆಕ್ಕ ಅಷ್ಟು ಪಳಗಿರಲಿಲ್ಲ.

ನಮ್ಮ ಚಿತ್ರದುರ್ಗ, ಗದಗದ ಕಡೆ ಈ ಮಾತಿಗೆ ತೂಕ ಜಾಸ್ತಿ. ಅಲ್ಲಿ ಗಾಳಿಯ ಸುಗ್ಗಿ ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಯಂತ್ರ ಹೆಚ್ಚು ದುಡಿಯುವ ಕಾಲವೂ ಹವೆ ತೇವ ಇರುವ ಕಾಲವೂ ಒಂದೇ. ಇದಕ್ಕೆ ಕನ್ವರ್ಟರ್ ಪೆಟ್ಟಿಗೆಯೊಳಗೆ ಹೀಟರ್ ಇಡುವುದುಂಟು. ತುಂಬಾ ಹೊತ್ತು ನಿಂತು ತಣ್ಣಗಾದ ಯಂತ್ರಕ್ಕೆ ನೇರವಾಗಿ ವೋಲ್ಟೇಜ್ ಕೊಡದೆ, ಮೊದಲು ಒಳಗಿನ ತೇವ ಆರಿಸಿ ಆಮೇಲೆ ಶುರು ಮಾಡುತ್ತಾರೆ. ಅಷ್ಟು ಹೊತ್ತಿನ ಕರೆಂಟ್ ಕೈತಪ್ಪುತ್ತದೆ, ನಿಜ. ಮಾಡ್ಯೂಲ್ ಸುಟ್ಟರೆ ಹೊಸದು ತರಿಸಿ ಕೂರಿಸುವವರೆಗೆ ಯಂತ್ರವೇ ನಿಲ್ಲುತ್ತದೆ.