ಒಂದು ಲೀಟರ್ ಡೀಸೆಲ್ಲಿನ ತೂಕ ಮತ್ತು ಅದರ ಹೊಗೆಯ ತೂಕ

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಂಗಳಕ್ಕೆ ಹಾಕಿದ ಹಣ್ಣಡಿಕೆಯ ತೂಕ ನೋಡಿ, ಒಣಗಿಸಿ ಸುಲಿದ ಮೇಲೆ ಎಷ್ಟು ಚಾಲಿ ಸಿಗಬಹುದೆಂದು ಹೇಳಬಲ್ಲ ಕೃಷಿಕರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಮನಸ್ಸಿನಲ್ಲಿರುವ ಆ ಪ್ರಮಾಣವೇ ಒಂದು ಗುಣಾಂಕ. ಸಂಸ್ಥೆಯೊಂದರ ಇಂಗಾಲದ ಹೆಜ್ಜೆಗುರುತನ್ನು, ಅಂದರೆ ಅದರ ಕೆಲಸದಿಂದ ಗಾಳಿಗೆ ಸೇರುವ, ಭೂಮಿಯನ್ನು ಬಿಸಿ ಮಾಡುವ ಅನಿಲಗಳ ತೂಕವನ್ನು, ಲೆಕ್ಕ ಹಾಕುವವರೂ ಇದನ್ನೇ ಮಾಡುತ್ತಾರೆ: ಸುಟ್ಟ ಇಂಧನವನ್ನೋ ಬಳಸಿದ ವಿದ್ಯುತ್ತನ್ನೋ ಹೊರಸೂಸುವಿಕೆಯ ಗುಣಾಂಕದಿಂದ ಗುಣಿಸುತ್ತಾರೆ. ಹೊಗೆ ಕೊಳವೆಗೆ ಯಂತ್ರ ಕಟ್ಟಿ ಅಳೆಯಬೇಕಾಗಿಲ್ಲ, ಬಿಲ್ಲುಗಳು ಸಾಕು.

ಡೀಸೆಲ್ಲಿನ ಗುಣಾಂಕ ಲೀಟರಿಗೆ ಸುಮಾರು 2.65 ಕಿಲೋ ಇಂಗಾಲದ ಡೈಆಕ್ಸೈಡ್. ಇದನ್ನು ಹೇಳಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಒಂದು ಕಿಲೋ ಕೂಡ ತೂಗದ ಎಣ್ಣೆಯಿಂದ ಎರಡೂವರೆ ಕಿಲೋಗಿಂತ ಹೆಚ್ಚು ಅನಿಲ ಬರುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಪಾವು ಅಕ್ಕಿ ಬೆಂದು ಅನ್ನವಾದಾಗ ತೂಕ ಹೆಚ್ಚುವುದು ನೀರಿನಿಂದ, ಕಬ್ಬಿಣದ ಕತ್ತಿ ತುಕ್ಕು ಹಿಡಿದಾಗ ತೂಕ ಏರುವುದು ಗಾಳಿಯಿಂದ. ಡೀಸೆಲ್ ಉರಿಯುವಾಗಲೂ ಹೆಚ್ಚುವರಿ ತೂಕ ಬರುವುದು ಗಾಳಿಯ ಆಮ್ಲಜನಕದಿಂದಲೇ. ಇಂಗಾಲದ ಪರಮಾಣುವಿನ ತೂಕ 12, ಆಮ್ಲಜನಕದ್ದು 16. ಹನ್ನೆರಡು ಕಿಲೋ ತೂಗುವ ಹುಡುಗನೊಬ್ಬ ಹದಿನಾರು ಕಿಲೋದ ಎರಡು ಮೂಟೆಗಳನ್ನು ಹೊತ್ತು ತಕ್ಕಡಿ ಏರಿದರೆ ಅದು 44 ತೋರಿಸುವಂತೆ, ಎಂಜಿನ್ನಿಂದ ಹೊರಬೀಳುವ ಬಹುತೇಕ ಪ್ರತಿಯೊಂದು ಇಂಗಾಲದ ಪರಮಾಣುವೂ ತನಗಿಂತ ಭಾರವಾದ ಎರಡು ಹೊರೆಗಳನ್ನು ಹೊತ್ತಿರುತ್ತದೆ. ಲೀಟರ್ ಡೀಸೆಲ್ಲಿನ ತೂಕ ಸುಮಾರು 0.84 ಕಿಲೋ, ಅದರಲ್ಲಿ ಇಂಗಾಲ ಸುಮಾರು 86 ಶೇಕಡಾ. ಈ ಎರಡನ್ನು ಗುಣಿಸಿ, 44ರಿಂದ ಗುಣಿಸಿ 12ರಿಂದ ಭಾಗಿಸಿದರೆ ಸಿಗುವುದು 2.65.

ಉರಿಯುವ ವಸ್ತುವಿನಿಂದ ‘ಫ್ಲಾಜಿಸ್ಟನ್’ ಎಂಬ ಸತ್ವ ಹೊರಟುಹೋಗುತ್ತದೆಂದು ಯುರೋಪಿನ ವಿದ್ವಾಂಸರು ಹದಿನೆಂಟನೆಯ ಶತಮಾನದಲ್ಲಿ ನಂಬಿದ್ದರು. ಹಾಗಿದ್ದರೆ ತೂಕ ಇಳಿಯಬೇಕಿತ್ತು. ಆದರೆ 1772ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ಗಂಧಕ ಮತ್ತು ರಂಜಕಗಳನ್ನು ಉರಿಸಿ ತೂಗಿ, ತೂಕ ಹೆಚ್ಚುವುದನ್ನು ಕಂಡ. ಇಂದಿನ ಇಂಗಾಲದ ಲೆಕ್ಕದ ಬೇರು ಆ ತಕ್ಕಡಿಯಲ್ಲಿದೆ.

ವಿದ್ಯುತ್ತಿನ ಗುಣಾಂಕದ ಸ್ವಭಾವವೇ ಬೇರೆ. ನಮ್ಮ ಕರೆಂಟು ಇಡುಕ್ಕಿಯ ನೀರಿನಿಂದ ಬರುವುದು, ಆದ್ದರಿಂದ ಅದಕ್ಕೆ ಇಂಗಾಲವಿಲ್ಲ ಎಂಬ ಮಾತು ಕಾಸರಗೋಡಿನಲ್ಲಿ ಕೇಳಿಬರುತ್ತದೆ, ಇದು ತಪ್ಪು. ಕೇರಳ ತನ್ನ ಬಳಕೆಯ ದೊಡ್ಡ ಪಾಲನ್ನು ಹೊರಗಿನಿಂದ ಕೊಳ್ಳುತ್ತದೆ. ಅಲ್ಲದೆ 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ತಂತಿಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲದೊಡನೆ ಒಂದಾಯಿತು. ಹಲವು ತೋಡುಗಳು ಸೇರಿದ ಹೊಳೆಯಿಂದ ಕೊಡ ತುಂಬಿದವರು ಇದು ಇಂಥ ತೋಡಿನ ನೀರೆಂದು ಹೇಳಲಾಗುವುದಿಲ್ಲ. ಆದ್ದರಿಂದಲೇ ಕೇಂದ್ರ ವಿದ್ಯುತ್ ಪ್ರಾಧಿಕಾರವು ಇಡೀ ದೇಶಕ್ಕೆ ಒಂದೇ ಸರಾಸರಿಯನ್ನು ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಯೂನಿಟ್‌ಗೆ ಸುಮಾರು 0.7 ಕಿಲೋ. ರಸಾಯನಶಾಸ್ತ್ರ ಬದಲಾಗದು, ಈ ಸರಾಸರಿ ವರ್ಷವರ್ಷವೂ ಬದಲಾಗುತ್ತದೆ. ಹಳೆಯ ಕೋಷ್ಟಕವನ್ನು ಹಿಡಿದು ಹೊಸ ವರ್ಷದ ಲೆಕ್ಕ ಮಾಡಬಾರದು.

ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕವೊಂದು ತಿಂಗಳಿಗೆ 1500 ಯೂನಿಟ್ ವಿದ್ಯುತ್ತನ್ನೂ ತನ್ನದೇ ವಾಹನಕ್ಕೆ 200 ಲೀಟರ್ ಡೀಸೆಲ್ಲನ್ನೂ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ಮೊದಲನೆಯದರಿಂದ 1050 ಕಿಲೋ, ಎರಡನೆಯದರಿಂದ 530 ಕಿಲೋ. ಕಣ್ಣಿಗೆ ಕಾಣುವುದು ವಾಹನದ ಕಪ್ಪು ಹೊಗೆ. ಆದರೆ ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮತ್ತು ಇಲ್ಲಿ ಅದರ ಹೆಚ್ಚಿನ ಪಾಲು ಹುಟ್ಟುವುದು ದೂರದ ಕಲ್ಲಿದ್ದಲು ಸ್ಥಾವರಗಳಲ್ಲಿ. ಲೆಕ್ಕದವರು ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತಾರೆ: ಸಂಸ್ಥೆಯ ಸ್ವಂತದ್ದು, ಕೊಂಡ ಶಕ್ತಿಯದ್ದು, ಬೇರೆಯವರ ಮೂಲಕ ಆಗುವುದು. ಸ್ವಂತ ವಾಹನದ ಡೀಸೆಲ್ ಮೊದಲನೆಯ ವ್ಯಾಪ್ತಿಗೆ, ಕೊಂಡ ವಿದ್ಯುತ್ ಎರಡನೆಯದಕ್ಕೆ ಸೇರುತ್ತದೆ. ಮಂಗಳೂರಿಗೆ ಸರಕು ಒಯ್ಯುವ ಬಾಡಿಗೆ ಲಾರಿ ಮೂರನೆಯದಕ್ಕೆ.

ಇನ್ನು ಒಲೆಗೆ ಹಾಕುವ ಹಾಳೆಯ ತುಂಡುಗಳು ಮತ್ತು ಅಡಿಕೆ ಸಿಪ್ಪೆ. ಇವುಗಳ ಇಂಗಾಲ ತೋಟದ ಗಿಡವೇ ಗಾಳಿಯಿಂದ ಹೀರಿದ್ದು, ಆದ್ದರಿಂದ ಅದನ್ನು ಮೂರು ವ್ಯಾಪ್ತಿಗಳ ಹೊರಗೆ ಪ್ರತ್ಯೇಕವಾಗಿ ನಮೂದಿಸುತ್ತಾರೆ. ಉರಿಯುವಾಗ ಹುಟ್ಟುವ ಮೀಥೇನಿಗೆ ಮಾತ್ರ ಈ ರಿಯಾಯಿತಿ ಇಲ್ಲ. ನೂರು ವರ್ಷಗಳ ಅವಧಿಯಲ್ಲಿ ಅದರ ಬಿಸಿ ಏರಿಸುವ ಪ್ರಭಾವ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು. ಬಿಸಿಲಿಗೆ ಗರಿಗರಿಯಾಗಿ ಒಣಗಿದ ಸಿಪ್ಪೆ ಬಹುಪಾಲು ಪೂರ್ತಿ ಉರಿಯುತ್ತದೆ, ಆಟಿಯ ಮಳೆಯಲ್ಲಿ ಒದ್ದೆಯಾದದ್ದು ಹೊಗೆಯಾಡುತ್ತಾ ಹೆಚ್ಚು ಮೀಥೇನನ್ನು ಬಿಡುತ್ತದೆ. ಕೋಷ್ಟಕದಲ್ಲಿ ಎರಡಕ್ಕೂ ಇರುವುದು ಒಂದೇ ಸಂಖ್ಯೆ, ಆದ್ದರಿಂದ ಯಾವ ತಿಂಗಳಲ್ಲಿ ಎಂಥ ಸಿಪ್ಪೆ ಉರಿಯಿತೆಂಬುದನ್ನು ಘಟಕದವರೇ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು.