ಕಳೆದದ್ದು ಜಿಪ್‌ನಲ್ಲಲ್ಲ, ಫೋಟೊದಲ್ಲಿ

ದಿನವಿಡೀ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟನಾದ ನನಗೆ ಕಂಪ್ಯೂಟರಿನ ಗಂಧಗಾಳಿಯಿಲ್ಲದ ರೋಗಿಗಳಿಂದ ಅಂಥ ತೊಂದರೆಯೇನೂ ಇಲ್ಲ. ಸ್ಕ್ಯಾನ್ ಕೇಂದ್ರದವರು ಕೊಟ್ಟ ದೊಡ್ಡ ಲಕೋಟೆಯನ್ನು ಅವರು ಹಾಗೆಯೇ ತಂದು ಮೇಜಿನ ಮೇಲಿಡುತ್ತಾರೆ, ಫಿಲ್ಮು, ಸಿ.ಡಿ., ರಸೀದಿ ಎಲ್ಲವೂ ಅದರಲ್ಲಿರುತ್ತವೆ. ನನ್ನ ತಾಳ್ಮೆ ಕೆಡಿಸುವವರು ಕಂಪ್ಯೂಟರನ್ನು ಅರೆದು ಕುಡಿದ ಹಿರಿಯರು. ಅವರು ಸಿ.ಟಿ. ಫಿಲ್ಮನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ, ಆ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡು ಕಂಪ್ಯೂಟರಿಗೆ ಇಳಿಸುತ್ತಾರೆ, ಆಮೇಲೆ ಎಲ್ಲವನ್ನೂ ಕುಗ್ಗಿಸಿ ಒಂದು ಜಿಪ್ ಫೈಲಿನೊಳಗೆ ಕಟ್ಟಿ ಇ-ಮೇಲ್ ಮಾಡಿ, ‘ಡಾಕ್ಟ್ರೇ, ಜಿಪ್ ಮಾಡಿಯೇ ಕಳಿಸಿದ್ದೇನೆ, ಒಂದು ಬಿಟ್ ಕೂಡ ಕಳೆದಿಲ್ಲ’ ಎಂದು ಫೋನಿನಲ್ಲಿ ಭರವಸೆ ಕೊಡುತ್ತಾರೆ. ಅವರ ಮಾತು ಅಕ್ಷರಶಃ ನಿಜ. ಜಿಪ್ ಮಾಡುವಾಗ ಏನೂ ಕಳೆದಿಲ್ಲ. ಕಳೆಯುವುದೆಲ್ಲ ಅದಕ್ಕೆ ಮೊದಲೇ ಕಳೆದುಹೋಗಿರುತ್ತದೆ. ಇನ್ನು ಇವರ ಮಕ್ಕಳಿಗೆ, ‘ಫೋಟೊ ಬೇಡ, ಸಿ.ಡಿ.ಯಲ್ಲಿರುವುದನ್ನು ಜಿಪ್ ಮಾಡಿ ಕಳಿಸಿ’ ಎಂದರೆ, ಕುಗ್ಗಿಸಿದರೆ ಸ್ಕ್ಯಾನ್ ಮಸುಕಾಗುವುದಿಲ್ಲವೇ ಎಂದು ನನ್ನನ್ನೇ ಕೇಳುತ್ತಾರೆ. ಹೀಗೆ ಅಂಜಬೇಕಾದಲ್ಲಿ ಧೈರ್ಯ, ಧೈರ್ಯವಿರಬೇಕಾದಲ್ಲಿ ಅಂಜಿಕೆ.

ಈ ಹಿರಿಯರ ಮೇಲೆ ನನಗೆ ಅಕ್ಕರೆಯೂ ಉಂಟು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಬೆಂಗಳೂರಿನ ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ನೌಕರಿಗಿದ್ದು, ಸಂಜೆ ಮನೆಗೆ ಬಂದು ಡಾಸ್ ಕಂಪ್ಯೂಟರನ್ನು ಬಿಚ್ಚಿ ಜೋಡಿಸುತ್ತಿದ್ದವರು ಇವರು. 1.2 ಎಂ.ಬಿ. ಫ್ಲಾಪಿಯಲ್ಲಿ ಹಿಡಿಸದ ಪ್ರೋಗ್ರಾಮನ್ನು ಎ.ಆರ್.ಜೆ. ಎಂಬ ಕುಗ್ಗಿಸುವ ಪ್ರೋಗ್ರಾಮಿನಿಂದ ತುಂಡುಮಾಡಿ ಹಲವು ಫ್ಲಾಪಿಗಳಿಗೆ ಹಂಚಿ, ಗೆಳೆಯನ ಮನೆಗೆ ಸ್ಕೂಟರಿನಲ್ಲಿ ಒಯ್ದು, ಕೊನೆಯ ಫ್ಲಾಪಿಯಲ್ಲಿ ಸಿ.ಆರ್.ಸಿ. ದೋಷ, ಅಂದರೆ ಫೈಲು ಕೆಟ್ಟಿದೆಯೆಂಬ ಸೂಚನೆ, ಕಂಡು ತಲೆ ಚಚ್ಚಿಕೊಂಡವರು. ಈಗ ಎಪ್ಪತ್ತು ದಾಟಿದ್ದಾರೆ. ಸ್ಕ್ಯಾನಿಗೆಂದು ಕಾದು ಕುಳಿತಾಗ ಅಂಥವರು ಇಬ್ಬರು ಜೊತೆಯಾದರೆ, ಮಾತು ಮಂಡಿನೋವಿನಿಂದ ಕಣ್ಣಿನ ಪೊರೆಗೆ, ಅಲ್ಲಿಂದ ಪ್ರಾಸ್ಟೇಟಿಗೆ, ಅಲ್ಲಿಂದ ನೇರವಾಗಿ ಫೈಲು ಕುಗ್ಗಿಸಲು ರಾರ್ ಮೇಲೋ ಸೆವೆನ್‌ಜಿಪ್ ಮೇಲೋ ಎಂಬಲ್ಲಿಗೆ ಬರುತ್ತದೆ. 1989ರಲ್ಲಿ ಜಿಪ್ ಅನ್ನು ಜಗತ್ತಿಗೆ ಕೊಟ್ಟ ಫಿಲ್ ಕಾಟ್ಜ್ ಕುಡಿತದಿಂದ ಆರೋಗ್ಯ ಕೆಡಿಸಿಕೊಂಡು 2000ದಲ್ಲಿ, ಇನ್ನೂ 37 ವರ್ಷದವನಿದ್ದಾಗಲೇ ತೀರಿಕೊಂಡ. ಅವನು ಯಾರ ಗಣಿತದ ಮೇಲೆ ಜಿಪ್ ಕಟ್ಟಿದನೋ ಆ ಲೆಂಪೆಲ್ ಮತ್ತು ಜಿವ್ ಇಬ್ಬರೂ 2023ರವರೆಗೆ ಬಾಳಿದರು, ಒಬ್ಬರು 86, ಇನ್ನೊಬ್ಬರು 91. ಇದನ್ನು ನನಗೆ ತಿಳಿಸಿದವರು ಬಿ.ಪಿ. ಅಳೆಸಿಕೊಳ್ಳಲು ತೋಳು ಚಾಚಿ ಕುಳಿತಿದ್ದ ಒಬ್ಬ ನಿವೃತ್ತ ಎಂಜಿನಿಯರು. ಎಲ್.ಎಚ್.ಎ. ಎಂಬ, ಫೈಲು ಕುಗ್ಗಿಸುವ ಹಳೆಯ ಪ್ರೋಗ್ರಾಮನ್ನು ಬರೆದ ಜಪಾನಿನ ಯೋಶಿಜಾಕಿ ವೃತ್ತಿಯಿಂದ ವೈದ್ಯರೆಂದೂ ಅವರೇ ಹೇಳಿ, ‘ನಿಮ್ಮ ಕಸುಬಿನವರೇ ಡಾಕ್ಟ್ರೇ, ನಿಮಗೇ ಗೊತ್ತಿಲ್ಲವಲ್ಲ’ ಎಂದು ನಕ್ಕರು. ಇಷ್ಟೆಲ್ಲ ಬಲ್ಲವರು ಮರುವಾರ ಕಿಟಕಿಗೆ ಹಿಡಿದ ಫಿಲ್ಮಿನ ಫೋಟೊವನ್ನು ಜಿಪ್ ಮಾಡಿ ಕಳಿಸಿದರೆ ನಾನು ಏನೆನ್ನಲಿ?

ಆದ್ದರಿಂದ ಅವರಿಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ. ಫೈಲನ್ನು ಕುಗ್ಗಿಸುವ ವಿಧಾನಗಳು ಎರಡು ಜಾತಿಯವು. ಜಿಪ್, ರಾರ್, ಸೆವೆನ್‌ಜಿಪ್ ಮೊದಲ ಜಾತಿಗೆ ಸೇರುತ್ತವೆ. ಫೈಲಿನಲ್ಲಿ ಹಿಂದೆ ಬಂದ ಸಾಲು ಮತ್ತೆ ಬಂದರೆ ಅದನ್ನು ಪುನಃ ಬರೆಯದೆ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟು ಅಕ್ಷರ ನಕಲು ಮಾಡಿಕೊ’ ಎಂದು ಗುರುತು ಬರೆಯುವುದು 1977ರ ಲೆಂಪೆಲ್-ಜಿವ್ ಉಪಾಯ. ಪದೇ ಪದೇ ಬರುವ ಸಂಕೇತಕ್ಕೆ ಚಿಕ್ಕ ಹೆಸರನ್ನೂ ಅಪರೂಪದ್ದಕ್ಕೆ ಉದ್ದ ಹೆಸರನ್ನೂ ಇಡುವುದು 1952ರ ಹಫ್‌ಮನ್ ಉಪಾಯ. ಜಿಪ್ ಸಾಮಾನ್ಯವಾಗಿ ಇವೆರಡನ್ನೂ ಸೇರಿಸಿ ಬಳಸುತ್ತದೆ. ಬಿಚ್ಚಿದಾಗ ಮೂಲ ಫೈಲು ಬಿಟ್‌ಗೆ ಬಿಟ್ ಮರಳುತ್ತದೆ. ದಾರಿಯಲ್ಲಿ ಕೆಟ್ಟಿದ್ದರೆ, ಒಳಗೇ ಇಟ್ಟಿರುವ ಸಿ.ಆರ್.ಸಿ. ಸಂಖ್ಯೆ ತಾಳೆಯಾಗದೆ ಪ್ರೋಗ್ರಾಮು ತಾನಾಗಿ ದೂರು ಹೇಳುತ್ತದೆ. ಮಸುಕಾದ ಸ್ಕ್ಯಾನ್ ಎಂಬುದು ಜಿಪ್‌ನಿಂದ ಹುಟ್ಟಲಾರದು. ಒಂದೋ ಪೂರ್ಣವಾಗಿ ಬರುತ್ತದೆ, ಇಲ್ಲವೋ ದೋಷವೆಂದು ತೋರಿಸುತ್ತದೆ.

ಎರಡನೆಯ ಜಾತಿಯದು ಜೆಪೆಗ್. ಮೊಬೈಲ್ ಫೋಟೊಗಳು ಬಹುಪಾಲು ಇದರಲ್ಲೋ ಇದರ ದಾಯಾದಿಗಳಲ್ಲೋ ಇರುತ್ತವೆ. ಇದರ ಹಿಂದಿನ ಗಣಿತ, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ಇಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೇ ಓದಿದ ನಾಸಿರ್ ಅಹಮದ್ ಅವರ ಕಾಣಿಕೆ. ಅಮೆರಿಕದಲ್ಲಿ ಅಧ್ಯಾಪಕರಾಗಿದ್ದಾಗ ಈ ವಿಚಾರಕ್ಕೆ ಅನುದಾನ ಕೇಳಿ ಅವರು ಬರೆದ ಅರ್ಜಿ ತಿರಸ್ಕೃತವಾಯಿತು; ಆದರೂ ಕೆಲಸ ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರಲ್ಲಿ ಅದನ್ನು ಪ್ರಕಟಿಸಿದರು. 1992ರಲ್ಲಿ ಮಾನಕವಾದ ಜೆಪೆಗ್, ಚಿತ್ರವನ್ನು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಥಟ್ಟನೆ ಬದಲಾಗುವ ಸೂಕ್ಷ್ಮ ಎಷ್ಟು ಎಂದು ಈ ಗಣಿತದಿಂದ ಬೇರ್ಪಡಿಸುತ್ತದೆ. ಅಲ್ಲಿಯವರೆಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಅಹಮದ್ ಅವರನ್ನು ಯಾರೂ ದೂರಬೇಕಾಗಿಲ್ಲ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ, ಸಾಮಾನ್ಯ ಕಣ್ಣಿಗೆ ಬೇಕಾಗಲಾರವೆಂದು ಆ ಸೂಕ್ಷ್ಮಗಳ ಸಂಖ್ಯೆಗಳನ್ನು ಒರಟಾಗಿ ದುಂಡುಮಾಡಿ, ಹಲವನ್ನು ಸೊನ್ನೆಗಿಳಿಸಿದಾಗ. ಮೊಮ್ಮಗುವಿನ ನಾಮಕರಣದ ಫೋಟೊದಲ್ಲಿ ಅವು ನಿಜವಾಗಿಯೂ ಬೇಡ. ನನ್ನ ಕೆಲಸವಿರುವುದೇ ಅವುಗಳಲ್ಲಿ. ಒಮ್ಮೆ ಸೊನ್ನೆಯಾದದ್ದನ್ನು ಜಿಪ್ ಮಾಡಿದರೂ, ದೊಡ್ಡ ಪರದೆಯಲ್ಲಿ ಹಿಗ್ಗಿಸಿದರೂ, ಈಗಿನ ಕೃತಕ ಬುದ್ಧಿಮತ್ತೆಯ ಆ್ಯಪುಗಳಲ್ಲಿ ‘ತಿಳಿಗೊಳಿಸಿದರೂ’ ಮರಳುವುದಿಲ್ಲ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆಯೇ ಹೊರತು ದ್ರಾಕ್ಷಿಯಾಗುವುದಿಲ್ಲ.

ಅಷ್ಟಕ್ಕೂ ಸಿ.ಟಿ. ಫಿಲ್ಮಿನ ಫೋಟೊದಲ್ಲಿ ಜೆಪೆಗ್‌ಗಿಂತ ದೊಡ್ಡ ನಷ್ಟ ಬೇರೊಂದಿದೆ, ಅದನ್ನು ಕಂಪ್ಯೂಟರ್ ಬಲ್ಲವರೂ ಗಮನಿಸುವುದಿಲ್ಲ. ಸಿ.ಟಿ. ಯಂತ್ರ ದೇಹದ ಪ್ರತಿ ಬಿಂದುವಿಗೂ, ಅದು ಎಕ್ಸ್-ರೇಯನ್ನು ಎಷ್ಟು ತಡೆಯುತ್ತದೆ ಎಂದು ತಿಳಿಸುವ ಒಂದು ಸಂಖ್ಯೆ ಕೊಡುತ್ತದೆ. ಯಂತ್ರವನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಅವರ ಹೆಸರಿನ ಆ ಅಳತೆಯಲ್ಲಿ ಗಾಳಿ ಮೈನಸ್ 1000, ನೀರು ಸೊನ್ನೆ, ಗಟ್ಟಿ ಮೂಳೆ ಸಾವಿರದ ಆಸುಪಾಸು. ಸಾಮಾನ್ಯವಾಗಿ ಒಟ್ಟು 4096 ಮೆಟ್ಟಿಲುಗಳಿಗೆ ಜಾಗವಿರುತ್ತದೆ. ಇಷ್ಟೂ ಛಾಯೆಗಳನ್ನು ಫಿಲ್ಮೂ ತೋರಿಸಲಾರದು, ಕಣ್ಣೂ ಗುರುತಿಸಲಾರದು. ಆದ್ದರಿಂದ ಮಿದುಳನ್ನು ನೋಡುವಾಗ ಹೆಚ್ಚುಕಡಿಮೆ ಸೊನ್ನೆಯಿಂದ 80ರವರೆಗಿನ ಸಂಖ್ಯೆಗಳನ್ನು ಮಾತ್ರ ಕಪ್ಪಿನಿಂದ ಬಿಳಿಗೆ ಹರಡುತ್ತೇವೆ. 80ಕ್ಕಿಂತ ಮೇಲಿನದೆಲ್ಲ ಒಂದೇ ಬಿಳಿ. ಮೂಳೆ ನೋಡಬೇಕಾದರೆ ಅದೇ ದತ್ತಾಂಶವನ್ನು ಬೇರೆ ವ್ಯಾಪ್ತಿಯಲ್ಲಿ ಹರಡಬೇಕು. ಕಂಪ್ಯೂಟರಿನ ಮುಂದೆ ಕುಳಿತ ನಾನು ಮೌಸ್ ಎಳೆದು ಈ ವ್ಯಾಪ್ತಿಯನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ನೋಡುತ್ತೇನೆ. ಫಿಲ್ಮು ಅಚ್ಚಾದ ಕ್ಷಣಕ್ಕೆ ಆ ಸ್ವಾತಂತ್ರ್ಯ ಮುಗಿಯಿತು: ಆ ಹೊತ್ತು ತಂತ್ರಜ್ಞರು ಆರಿಸಿದ ಒಂದೋ ಎರಡೋ ನೋಟ ಮಾತ್ರ ಉಳಿಯಿತು. ಅದರ ಮೇಲೆ ಕಿಟಕಿಯಾಚೆಯ ತೆಂಗಿನಗರಿಯ ನೆರಳು, ಮೊಬೈಲಿನ ಸ್ವಂತ ‘ಸೌಂದರ್ಯ’ ತಿದ್ದುಪಡಿ, ವಾಟ್ಸ್‌ಆ್ಯಪ್ ಮತ್ತೊಮ್ಮೆ ಕುಗ್ಗಿಸಿದ್ದು, ಹೀಗೆ ಒಂದೊಂದೇ ಪದರ ಕೂಡಿಕೊಳ್ಳುತ್ತದೆ. ಕೊನೆಯಲ್ಲಿ ಬರುವ ಜಿಪ್ ಈ ಅವಶೇಷವನ್ನು ಅತ್ಯಂತ ಪ್ರಾಮಾಣಿಕವಾಗಿ ಕಾಪಾಡುತ್ತದೆ.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಎಪ್ಪತ್ತೈದು ದಾಟಿದ ಒಬ್ಬರು, ಹೃದಯದ ತೊಂದರೆಗಾಗಿ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರು, ಅಟ್ಟದ ಮೇಲಿನ ಹಳೆಯ ಮಾನಿಟರನ್ನು ಇಳಿಸಲು ಹೋಗಿ ತಲೆಯನ್ನು ತೊಲೆಗೆ ಬಡಿದುಕೊಂಡರು. ಗಾಯವಾಗಲಿಲ್ಲ, ಮರೆತೂಬಿಟ್ಟರು. ಎರಡು ಮೂರು ವಾರವಾದ ಮೇಲೆ ನಡಿಗೆ ಓಲಾಡತೊಡಗಿತು, ಮಾತು ನಿಧಾನವಾಯಿತು. ಊರಿನಲ್ಲಿ ಸಿ.ಟಿ. ಮಾಡಿಸಿ, ವರದಿ ಬರುವ ಮೊದಲೇ ಅವರ ಗೆಳೆಯರು ಫಿಲ್ಮಿನ ಫೋಟೊಗಳನ್ನು ಶಿಸ್ತಾಗಿ ಜಿಪ್ ಮಾಡಿ ನನಗೆ ಕಳಿಸಿದರು. ವಯಸ್ಸಾದಂತೆ ಮಿದುಳು ಒಂದಿಷ್ಟು ಕುಗ್ಗಿ, ತಲೆಬುರುಡೆಗೂ ಅದಕ್ಕೂ ನಡುವಿನ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಸಾಮಾನ್ಯ ಪೆಟ್ಟಿಗೇ ಹರಿದು, ಅಲ್ಲಿ ರಕ್ತ ನಿಧಾನವಾಗಿ ಶೇಖರವಾಗಬಹುದು. ಸಬ್‌ಡ್ಯೂರಲ್ ಹೆಮಟೋಮ ಎನ್ನುವ ಈ ರಕ್ತ ಹೊಸದಿದ್ದಾಗ ಸಿ.ಟಿ.ಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ, ತುಂಬ ಹಳತಾದಾಗ ಕಪ್ಪಗೆ ಕಾಣುತ್ತದೆ. ಎರಡು ಮೂರು ವಾರದ ಹೊತ್ತಿಗೆ ಮಾತ್ರ ಅದರ ಸಂಖ್ಯೆಯೂ ಪಕ್ಕದ ಮಿದುಳಿನ ಸಂಖ್ಯೆಯೂ, ಅಂದರೆ 30, 40ರ ಆಸುಪಾಸು, ಬಹುತೇಕ ಒಂದೇ ಆಗಿಬಿಡುತ್ತವೆ. ಫೋಟೊದಲ್ಲಿ ನನಗೆ ಕಂಡದ್ದು ಬೂದು ಬಣ್ಣದ ಒಂದು ಮುದ್ದೆ. ಏನೂ ಇಲ್ಲ ಎನ್ನಲಾರೆ, ಇದೆ ಎನ್ನಲೂ ಆರೆ. ಸಿ.ಡಿ.ಯ ಮೂಲ ದತ್ತಾಂಶ ತರಿಸಿ ವ್ಯಾಪ್ತಿಯನ್ನು ಕಿರಿದಾಗಿಸಿದಾಗ, ಎಡಭಾಗದಲ್ಲಿ ಮಿದುಳಿನ ಮಡಿಕೆಗಳು ಬುರುಡೆಯನ್ನು ಮುಟ್ಟದೆ ಒಳಗೇ ನಿಂತಿದ್ದವು. ನಡುವಿನ ತೆಳು ಪದರ ಸ್ಪಷ್ಟವಾಗಿತ್ತು. ಅವರನ್ನು ಅಂದೇ ನರಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಿದೆವು, ಈಗ ಚೆನ್ನಾಗಿದ್ದಾರೆ. ಅದೇ ವರದಿಯ ಕೊನೆಯ ಸಾಲಿನಲ್ಲಿದ್ದ ‘ವಯೋಸಹಜ ಮಿದುಳಿನ ಕುಗ್ಗುವಿಕೆ’ ಎಂಬ ಮಾತಿಗೆ ಅವರು ಇವತ್ತಿಗೂ ಕೋಪಿಸಿಕೊಳ್ಳುತ್ತಾರೆ. ಆ ವಯಸ್ಸಿನಲ್ಲಿ ಅದು ಕೂದಲು ನರೆತಷ್ಟೇ ಸಾಮಾನ್ಯ, ಅದೊಂದರಿಂದಲೇ ಮರೆವಿನ ಕಾಯಿಲೆಯೆಂದು ಅರ್ಥವಲ್ಲ ಎಂದು ಹಿರಿಯರೆಲ್ಲರಿಗೂ ಈ ನೆಪದಲ್ಲಿ ಹೇಳಿಬಿಡುತ್ತೇನೆ.

ಫೋಟೊ ಕಳಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮಧ್ಯರಾತ್ರಿ ತುರ್ತಿನಲ್ಲಿ, ಆಸ್ಪತ್ರೆಗೆ ಓಡಬೇಕೋ ಬೇಡವೋ ಎಂಬ ಮೊದಲ ಮಾತಿಗೆ ಫೋಟೊ ಎಷ್ಟೋ ಸಲ ನೆರವಾಗಿದೆ. ಮುರಿದು ಸರಿದ ಮೂಳೆ ಎಂಥ ಫೋಟೊದಲ್ಲೂ ಕಾಣುತ್ತದೆ. ಅದರಲ್ಲಿ ಏನೂ ಕಾಣಲಿಲ್ಲವೆಂಬುದನ್ನು ಏನೂ ಇಲ್ಲವೆಂದು ತಿಳಿಯಬಾರದು, ಅಷ್ಟೆ. ಸೂಕ್ಷ್ಮಗಳನ್ನು ಬಿಟ್ಟು ಕುಗ್ಗಿಸುವುದು ವೈದ್ಯಕೀಯದಲ್ಲಿ ಪೂರ್ತಿ ನಿಷಿದ್ಧವೂ ಅಲ್ಲ: ಕೆನಡಾ, ಬ್ರಿಟನ್ ಮೊದಲಾದ ದೇಶಗಳ ರೇಡಿಯಾಲಜಿ ಸಂಸ್ಥೆಗಳು ನಿಯಂತ್ರಿತ ಮಿತಿಯೊಳಗೆ ಅದಕ್ಕೆ ಒಪ್ಪಿಗೆ ಕೊಟ್ಟಿವೆ. ಆದರೆ ಅಲ್ಲಿಯೂ ಲೆಕ್ಕ ಇಡಲಾಗುತ್ತದೆ. ಸ್ಕ್ಯಾನ್ ಚಿತ್ರಗಳ ಮಾನಕವಾದ ಡೈಕಾಮ್‌ನಲ್ಲಿ, ಈ ಚಿತ್ರ ಎಂದಾದರೂ ನಷ್ಟದೊಂದಿಗೆ ಕುಗ್ಗಿದೆಯೇ ಎಂದು ಗುರುತಿಸುವ ಒಂದು ಅಂಕಣವಿದೆ. ಅಲ್ಲಿ ಒಮ್ಮೆ 01 ಎಂದು ಬಿದ್ದರೆ, ಆಮೇಲೆ ಚಿತ್ರವನ್ನು ಯಾವ ರೂಪಕ್ಕೆ ಬದಲಿಸಿದರೂ ಅದನ್ನು ಮತ್ತೆ 00 ಮಾಡುವಂತಿಲ್ಲ. ನಾನು ಇಷ್ಟು ಹೊತ್ತು ಹೇಳಿದ್ದನ್ನು ಆ ನಿಯಮ ಒಂದು ಸಾಲಿನಲ್ಲಿ ಹೇಳುತ್ತದೆ.

ಇನ್ನು ಮಾಡಬೇಕಾದದ್ದು. ಸ್ಕ್ಯಾನ್ ಮುಗಿದ ದಿನವೇ ಕೇಂದ್ರದವರನ್ನು ‘ಡೈಕಾಮ್ ಡೇಟಾ’ ಎಂದು ಆ ಹೆಸರಿನಿಂದಲೇ ಕೇಳಿ. ‘ಸಾಫ್ಟ್ ಕಾಪಿ’ ಎಂದರೆ ಅನೇಕ ಕಡೆ ಪಿ.ಡಿ.ಎಫ್. ವರದಿಯನ್ನು ಕೈಗಿಡುತ್ತಾರೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ, ಸಿ.ಡಿ.ಗಳಿಗೂ ವಯಸ್ಸಾಗುತ್ತದೆ, ಆದಷ್ಟು ಬೇಗ ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ನಕಲು ಮಾಡಿಟ್ಟುಕೊಳ್ಳಿ. ಚಿತ್ರಗಳನ್ನಷ್ಟೇ ಹೆಕ್ಕದೆ ಇಡೀ ಫೋಲ್ಡರನ್ನು, ಡೈಕಾಮ್‌ಡಿರ್ ಎಂಬ ಹೆಸರಿನ ಫೈಲೂ ಸೇರಿದಂತೆ, ಜಿಪ್ ಮಾಡಿ. ಎದೆಯ ಸಿ.ಟಿ.ಯ ಒಂದೊಂದು ಚಿತ್ರ ಅರ್ಧ ಎಂ.ಬಿ.; ಅಂಥ 400 ಇದ್ದರೆ 200 ಎಂ.ಬಿ., ಜಿಪ್ ಮಾಡಿದ ಮೇಲೆ ಸುಮಾರಾಗಿ ಅದರ ಅರ್ಧಕ್ಕೆ ಬರಬಹುದು. ಅದಕ್ಕಿಂತ ಹೆಚ್ಚು ಇಳಿಯದಿರುವುದಕ್ಕೆ ಕಾರಣ ದೇಹದ ತೆಳು ಪದರಗಳ ಚಿತ್ರಗಳಲ್ಲಿ ಹೆಚ್ಚಿರುವ ಕಾಳುಕಾಳಾದ ಗದ್ದಲ, ಅಂದರೆ ಅರ್ಥವಿಲ್ಲದ ಚುಕ್ಕೆಗಳು. ಪುನರಾವರ್ತನೆಯೇ ಇಲ್ಲದ ಗದ್ದಲವನ್ನು ಜಿಪ್ ಕುಗ್ಗಿಸಲಾರದು. ಒಂದು ವೇಳೆ ಜಿಪ್ ಮಾಡಿದರೂ ಗಾತ್ರ ಇಳಿಯದಿದ್ದರೆ ನಿಮ್ಮ ಕೈಯಲ್ಲಿರುವುದು ಮೊದಲೇ ಕುಗ್ಗಿಸಿದ ಫೈಲೆಂದು ಅರ್ಥ: ಅದು ಜೆಪೆಗ್ ಫೋಟೊ ಇರಬಹುದು, ಅಥವಾ ಕೇಂದ್ರದವರೇ ನಷ್ಟವಿಲ್ಲದ ವಿಧಾನದಲ್ಲಿ ಕುಗ್ಗಿಸಿಕೊಟ್ಟ ಡೈಕಾಮ್ ಕೂಡ ಇರಬಹುದು; ಎರಡನೆಯದಾದರೆ ಚಿಂತೆಯಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಆಗ ಅದು ಫೈಲನ್ನು ಮುಟ್ಟುವುದಿಲ್ಲ.

ಪ್ರತಿ ಡೈಕಾಮ್ ಫೈಲಿನೊಳಗೂ ಸಾಮಾನ್ಯವಾಗಿ ರೋಗಿಯ ಹೆಸರು, ವಯಸ್ಸು, ಸ್ಕ್ಯಾನ್ ದಿನಾಂಕ ಇರುತ್ತವೆ. ಆದ್ದರಿಂದ ಪಾಸ್‌ವರ್ಡ್ ಹಾಕಿ ಕಳಿಸುವುದು ಒಳ್ಳೆಯದು. ಜಿಪ್‌ನ ಹಳೆಯ ಪಾಸ್‌ವರ್ಡ್ ಪದ್ಧತಿಯನ್ನು ಮುರಿಯುವ ದಾರಿ 1994ರಲ್ಲೇ ಪ್ರಕಟವಾಗಿದೆ, ಹಾಗಾಗಿ ಸೆವೆನ್‌ಜಿಪ್‌ನಲ್ಲಿ ಎ.ಇ.ಎಸ್. 256 ಎಂಬ ಬಲವಾದ ಗೂಢಲಿಪಿ ಪದ್ಧತಿಯನ್ನು ಆರಿಸಿಕೊಳ್ಳಿ, ಪಾಸ್‌ವರ್ಡನ್ನು ಫೋನಿನಲ್ಲಿ ಬಾಯಿಮಾತಿನಲ್ಲಿ ತಿಳಿಸಿ. ಈ ವಿಷಯದಲ್ಲಿ ನನಗೆ ಗಂಟೆಗಟ್ಟಲೆ ಪಾಠ ಹೇಳಿದ ಒಬ್ಬ ಹಿರಿಯರು, ಮರೆವಿನ ಭಯದಿಂದ, ಪಾಸ್‌ವರ್ಡನ್ನು ಜಿಪ್ ಫೈಲಿನ ಹೆಸರಿನಲ್ಲೇ ಬರೆದು ಕಳಿಸುತ್ತಾರೆ.