ಶಬ್ದ ಉಸಿರು ಎಳೆಯುವಾಗಲೋ, ಬಿಡುವಾಗಲೋ? ಗಂಟಲು ಕಟ್ಟುವುದರ ಬಗ್ಗೆ ಟಿಪ್ಪಣಿ

"ಗಂಟಲು ಹಿಡಿದಂಗೆ ಆಗ್ತಿದೆ, ಉಸಿರಾಡೋಕೆ ಆಗ್ತಿಲ್ಲ." ಆಸ್ತಮಾ ಇದ್ದವರೂ ಇದನ್ನೇ ಹೇಳುತ್ತಾರೆ, ಗಂಟಲು ಊದಿಕೊಂಡವರೂ ಇದನ್ನೇ ಹೇಳುತ್ತಾರೆ, ಅಸಿಡಿಟಿ ಇದ್ದವರೂ ಇದನ್ನೇ ಹೇಳುತ್ತಾರೆ. ಹಾಗಾಗಿ ಮಾತಿಗಿಂತ ಶಬ್ದಕ್ಕೆ ಜಾಸ್ತಿ ಕಿವಿ ಕೊಡಬೇಕು. ನರ್ಸಿಂಗ್ ಓದುವವರಿಗೆ ಪರೀಕ್ಷೆಯಲ್ಲೂ ವಾರ್ಡಿನಲ್ಲೂ ಎದುರಾಗುವ ಪ್ರಶ್ನೆ ಒಂದೇ: ಸ್ಟ್ರೈಡರ್ ಯಾವುದು, ವೀಝ್ ಯಾವುದು?

ಅಂಗರಚನೆ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ. ಉಸಿರಿನ ದಾರಿಯ ಚಿತ್ರದ ಮೇಲೆ ಒಂದೇ ಒಂದು ಗೆರೆ ಎಳೆದುಕೊಳ್ಳಿ, ಎದೆಗೂಡು ಶುರುವಾಗುವ ಕಡೆ. ಮೇಲೆ ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳದ ಕುತ್ತಿಗೆಯ ಭಾಗ. ಕೆಳಗೆ ಶ್ವಾಸನಾಳದ ಉಳಿದ ಭಾಗ, ಅದರ ಕವಲುಗಳು, ಸಣ್ಣ ಕೊಳವೆಗಳು.

ಗೆರೆಯ ಮೇಲೆ ದಾರಿ ಕಿರಿದಾದರೆ ಶಬ್ದ ಉಸಿರು ಎಳೆಯುವಾಗ ಜೋರು. ಅದು ಸ್ಟ್ರೈಡರ್. ಸ್ಟೆತೊಸ್ಕೋಪ್ ಇಲ್ಲದೆಯೂ ಕೇಳುವ ಒರಟು ಶಬ್ದ. ಗೆರೆಯ ಕೆಳಗೆ ಕಿರಿದಾದರೆ ಉಸಿರು ಬಿಡುವಾಗ ಜೋರು. ಅದು ವೀಝ್, ಉಬ್ಬಸದವರ ಎದೆಯಲ್ಲಿ ಕೇಳುವ ಸಿಳ್ಳೆ.

ಹೀಗೇಕೆ? ಇಲ್ಲೇ ತಲೆ ಕೆಡುವುದು

ಉಸಿರು ಎಳೆದಾಗ ಇಡೀ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ, ಅಲ್ವಾ? ಹಾಗಿದ್ದರೆ ಮೇಲಿನ ಭಾಗ ಕುಗ್ಗಿದಂತೆ ಕೆಳಗಿನದೂ ಕುಗ್ಗಬೇಕಿತ್ತು. ಆದರೆ ಕೆಳಗಿನದು ಹಿಗ್ಗುತ್ತದೆ. ಒಂದೇ ಕೊಳವೆ, ಒಂದೇ ಉಸಿರು, ಎರಡು ವರ್ತನೆ. ಬಾಯಿಪಾಠ ಮಾಡಿದರೆ ಪರೀಕ್ಷೆ ದಿನ ಖಂಡಿತ ಉಲ್ಟಾ ಆಗುತ್ತದೆ.

ಕೊಳವೆಯ ಒಳಗಿನ ಒತ್ತಡವನ್ನು ಮಾತ್ರ ನೋಡಿದರೆ ಉತ್ತರ ಸಿಗುವುದಿಲ್ಲ. ಕೊಳವೆಯ ಗೋಡೆಗೆ ಹೊರಗಿನಿಂದ ಎಷ್ಟು ಒತ್ತಡ ಬೀಳುತ್ತಿದೆ ಎಂದೂ ನೋಡಬೇಕು. ಹೊರಗಿನದು ಹೆಚ್ಚಾದರೆ ಗೋಡೆ ಒಳಕ್ಕೆ ಬಾಗುತ್ತದೆ, ಒಳಗಿನದು ಹೆಚ್ಚಾದರೆ ಹೊರಕ್ಕೆ ಹಿಗ್ಗುತ್ತದೆ.

ಅಂಕಿ ಹಾಕಿ ನೋಡೋಣ. ವಾತಾವರಣದ ಒತ್ತಡವನ್ನು 0 ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಉಸಿರು ಎಳೆಯುವಾಗ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಸುಮಾರು −1 ಸೆಂ.ಮೀ. ನೀರಿನಷ್ಟು ಒತ್ತಡ ಇರುತ್ತದೆ. ಅಂದರೆ ಮೂಗಿನಿಂದ ಅಲ್ಲಿಯವರೆಗೆ ಕೊಳವೆಯೊಳಗಿನ ಒತ್ತಡ 0 ಮತ್ತು −1ರ ನಡುವೆ. ಈಗ ಹೊರಗಡೆ ನೋಡಿ. ಕುತ್ತಿಗೆಯಲ್ಲಿ ಕೊಳವೆಯ ಸುತ್ತ ಹೆಚ್ಚುಕಡಿಮೆ ವಾತಾವರಣದ್ದೇ ಒತ್ತಡ, 0. ಹೊರಗೆ 0, ಒಳಗೆ ಸೊನ್ನೆಗಿಂತ ಕಡಿಮೆ. ಗೋಡೆ ಒಳಕ್ಕೆ ಬಾಗುತ್ತದೆ. ಎದೆಯೊಳಗೆ ಕೊಳವೆಯ ಸುತ್ತ ಇರುವುದು ಪ್ಲೂರಾದ (ಶ್ವಾಸಕೋಶವನ್ನು ಸುತ್ತಿದ ಪೊರೆಯ) ಒತ್ತಡ. ಅದು ಉಸಿರು ಎಳೆಯುವ ಮುಂಚೆಯೇ −5ರ ಆಸುಪಾಸು, ಎಳೆದಾಗ −8ರ ತನಕ ಇಳಿಯುತ್ತದೆ. ಹೊರಗೆ −8, ಒಳಗೆ −1. ಒಳಗಿನದೇ ಹೆಚ್ಚು. ಗೋಡೆ ಹಿಗ್ಗುತ್ತದೆ. ಮೈನಸ್ ಚಿಹ್ನೆ ನೋಡಿ ಗಾಬರಿ ಬೇಡ. −1 ಅನ್ನುವುದು −8ಕ್ಕಿಂತ ದೊಡ್ಡದು, ಅಷ್ಟೇ.

ಜೋರಾಗಿ ಉಸಿರು ಬಿಡುವಾಗ ಇದು ತಿರುಗುಮುರುಗು. ಎದೆಗೂಡು ಹಿಂಡುವುದರಿಂದ ಪ್ಲೂರಾದ ಒತ್ತಡ ಪ್ಲಸ್ ಆಗುತ್ತದೆ. ಮೃದ್ವಸ್ಥಿ ಇಲ್ಲದ ಸಣ್ಣ ಕೊಳವೆಗಳು ಆ ಹಿಂಡಿಗೆ ಕುಗ್ಗುತ್ತವೆ. ಆಸ್ತಮಾದಲ್ಲಿ ಅವು ಮೊದಲೇ ಬಿಗಿದು, ಊದಿ, ಕಫ ತುಂಬಿಕೊಂಡಿರುತ್ತವೆ. ಹಾಗಾಗಿಯೇ ಗಾಳಿ ಹೊರಗೆ ಹೋಗಲು ಅಷ್ಟು ಹೊತ್ತು ಹಿಡಿಯುತ್ತದೆ. ಕುತ್ತಿಗೆಯಲ್ಲಿ ಮಾತ್ರ ಹೊರಗೆ ಅದೇ 0, ಒಳಗೆ ಪ್ಲಸ್, ದಾರಿ ಅಗಲವಾಗುತ್ತದೆ.

ಗಂಟಲ ಹತ್ತಿರ ಅಡ್ಡಿ ಇದ್ದರೆ ರೋಗಿ ಇನ್ನೂ ಜೋರಾಗಿ ಎಳೆಯುತ್ತಾನೆ. ಅಡ್ಡಿಯ ಕೆಳಗೆ ಒತ್ತಡ ಬಹಳ ಇಳಿದು ಕೊಳವೆ ಇನ್ನಷ್ಟು ಕುಗ್ಗುತ್ತದೆ. ಎಳನೀರಿಗೆ ನೆನೆದ ಪೇಪರ್ ಸ್ಟ್ರಾ ಹಾಕಿ ಜೋರಾಗಿ ಹೀರಿದರೆ ಅದು ಚಪ್ಪಟೆಯಾಗುತ್ತದಲ್ಲ, ಹಾಗೆ. ಅದಕ್ಕೇ ಸ್ಟ್ರೈಡರ್ ಇರುವ ಮಗುವನ್ನು ಅಳಿಸಬೇಡಿ, ಅಮ್ಮನ ಮಡಿಲಲ್ಲೇ ಇರಲಿ ಎನ್ನುವುದು. ಇದು ಬರೀ ಸಮಾಧಾನದ ಮಾತಲ್ಲ. ಅತ್ತರೆ ಜೋರಾಗಿ ಎಳೆಯುತ್ತದೆ, ಎಳೆದರೆ ದಾರಿ ಕುಗ್ಗುತ್ತದೆ.

ಒಂದು ವಿನಾಯಿತಿ ಇದೆ. ಗೋಡೆ ಗಟ್ಟಿಯಾಗಿ ಬಾಗದಂತಾದರೆ ಶಬ್ದ ಉಸಿರು ಎಳೆಯುವಾಗಲೂ ಬಿಡುವಾಗಲೂ ಕೇಳುತ್ತದೆ. ಬಹಳ ದಿನ ವೆಂಟಿಲೇಟರ್ ಟ್ಯೂಬ್ ಹಾಕಿದವರಲ್ಲಿ ಗಾಯ ಮಾಗಿ ದಾರಿ ಕಿರಿದಾಗುವುದು ಇದಕ್ಕೆ ಉದಾಹರಣೆ.

ಮಕ್ಕಳಿಗೇ ಏಕೆ ಜಾಸ್ತಿ

ಗಾಳಿ ನಯವಾಗಿ ಹರಿಯುವಾಗ ಅಡೆತಡೆ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ, ಅಂದರೆ ವ್ಯಾಸ ಅರ್ಧವಾದರೆ ಅಡೆತಡೆ 2×2×2×2 ಪಟ್ಟು. ಕೂಸಿನ ಕಿರಿದಾದ 4 ಮಿ.ಮೀ. ದಾರಿಯಲ್ಲಿ ಸುತ್ತಲೂ 1 ಮಿ.ಮೀ. ಊದಿದರೆ ಉಳಿಯುವುದು 2 ಮಿ.ಮೀ. ಅಡೆತಡೆ 16 ಪಟ್ಟು. ಅದಕ್ಕಿಂತ ಅಗಲವಾದ 8 ಮಿ.ಮೀ. ದಾರಿಯಲ್ಲಿ ಅಷ್ಟೇ ಊದಿದರೆ ಸುಮಾರು 3 ಪಟ್ಟು. ಎರಡು ಕಡೆಯಿಂದ ಕಳೆಯಬೇಕು, ಮರೆಯಬೇಡಿ.

ಕಾಯಿಲೆಗಳು, ಚುಟುಕಾಗಿ

ಕ್ರೂಪ್ (ಸೋಂಕಿನಿಂದ ಧ್ವನಿಪೆಟ್ಟಿಗೆ, ಶ್ವಾಸನಾಳ ಊದಿಕೊಳ್ಳುವುದು): ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದವರಲ್ಲಿ. ಹೆಚ್ಚಾಗಿ ಪ್ಯಾರಾಇನ್‌ಫ್ಲುಯೆಂಜಾ ವೈರಸ್. ಬೊಗಳಿದಂಥ ಕೆಮ್ಮು, ರಾತ್ರಿ ಹೆಚ್ಚು. ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಒಂದು ಡೋಸ್. ಜೋರಿದ್ದರೆ ಅಡ್ರಿನಾಲಿನ್ ನೆಬ್ಯುಲೈಸೇಶನ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನ ಮೂಲಕ ಕೊಡುವುದು), ಅದರ ಪ್ರಭಾವ ಎರಡು ಗಂಟೆಯಲ್ಲಿ ಇಳಿಯುವುದರಿಂದ ತಕ್ಷಣ ಮನೆಗೆ ಕಳಿಸುವುದಿಲ್ಲ.

ಎಪಿಗ್ಲಾಟೈಟಿಸ್ (ಧ್ವನಿಪೆಟ್ಟಿಗೆಯ ಮೇಲಿನ ಮುಚ್ಚಳ ಊದಿಕೊಳ್ಳುವುದು): ಜೋರು ಜ್ವರ, ಜೊಲ್ಲು ನುಂಗಲಾರದೆ ಸುರಿಸುವುದು, ಕೈಯೂರಿ ಮುಂದಕ್ಕೆ ಬಾಗಿ ಕೂರುವುದು. ಕೆಮ್ಮು ಅಷ್ಟಾಗಿ ಇರುವುದಿಲ್ಲ. ನಾಲಿಗೆ ಒತ್ತಿ ಗಂಟಲು ನೋಡಲು ಹೋಗಬಾರದು, ಮಲಗಿಸಲೂಬಾರದು. ದಾರಿ ಪೂರ್ತಿ ಮುಚ್ಚಬಹುದು. ಹಿಬ್ (ಹೀಮೊಫಿಲಸ್ ಇನ್‌ಫ್ಲುಯೆಂಜಾ ಟೈಪ್ ಬಿ) ಬ್ಯಾಕ್ಟೀರಿಯಾ ಮುಖ್ಯ ಕಾರಣವಾಗಿತ್ತು. 6, 10, 14 ವಾರಕ್ಕೆ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಗಂಟಲಮಾರಿಗೂ (ಡಿಫ್ತೀರಿಯಾ) ಅದರಲ್ಲೇ ಇದೆ. ಗಂಟಲಲ್ಲಿ ಬೂದು ಪೊರೆ, ಊದಿದ ಕುತ್ತಿಗೆ ಕಂಡರೆ ಅದನ್ನು ನೆನಪಿಸಿಕೊಳ್ಳಿ.

ಅಲರ್ಜಿ: ಹೊಸ ಔಷಧಿ ಅಥವಾ ಜೇನುಹುಳದ ಕಡಿತದ ಬಳಿಕ ಮೈಮೇಲೆ ದದ್ದು, ಗಂಟಲು ಬಿಗಿತ, ಧ್ವನಿ ಬದಲಾವಣೆ. ತೊಡೆಯ ಸ್ನಾಯುವಿಗೆ ಅಡ್ರಿನಾಲಿನ್, ದೊಡ್ಡವರಿಗೆ 0.5 ಮಿ.ಗ್ರಾಂ. ಆಂಟಿಹಿಸ್ಟಮಿನ್ ಮೊದಲ ಔಷಧಿ ಅಲ್ಲ.

ಕಡಲೆಬೀಜ ಸಿಕ್ಕಿಕೊಳ್ಳುವುದು: ಎದೆಗೆ ಇಳಿದರೆ ಹೆಚ್ಚಾಗಿ ಬಲಗಡೆ, ಆ ಕವಲು ಅಗಲ ಮತ್ತು ನೇರ. ಒಂದೇ ಬದಿ ವೀಝ್ ಕೇಳಿದರೆ ಅನುಮಾನ ಬರಲಿ. ಗಂಟಲಲ್ಲೇ ಸಿಕ್ಕಿ ಕೆಮ್ಮಲೂ ಆಗದಿದ್ದರೆ ಬೆನ್ನಿಗೆ 5 ಪೆಟ್ಟು, ಹೊಟ್ಟೆಗೆ 5 ಒತ್ತು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಬೇಡ, ಎದೆಗೆ. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳಾಡಿಸಬೇಡಿ.

ಕ್ರೂಪ್ ಮಗುವಿನ ಸ್ಟ್ರೈಡರ್ ಸಣ್ಣದಾಗಿ, ಮಗು ಮಂಕಾದರೆ ಅದು ಗುಣವಲ್ಲ, ಸುಸ್ತು. ಗಾಳಿಯೇ ಓಡದಿದ್ದರೆ ಶಬ್ದ ಎಲ್ಲಿಂದ? ಆಸ್ತಮಾದಲ್ಲಿ ಎದೆ ನಿಶ್ಶಬ್ದವಾದರೂ ಇದೇ ಅರ್ಥ. ಆಕ್ಸಿಮೀಟರ್ 97 ತೋರಿಸುತ್ತಿದೆ ಎಂದು ಸುಮ್ನೆ ಕೂರಬೇಡಿ. ಮೇಲಿನ ದಾರಿಯ ಅಡ್ಡಿಯಲ್ಲಿ ಆ ಅಂಕಿ ಕೊನೆಗೆ ಇಳಿಯುತ್ತದೆ.

ಶಬ್ದವೇ ಇಲ್ಲದ ಗಂಟು

ಗಂಟಲಲ್ಲಿ ಉಂಡೆ ಇದ್ದಂತೆ ಅನಿಸುತ್ತದೆ, ಉಗುಳು ನುಂಗಿದರೆ ಜಾಸ್ತಿ, ಊಟ ಮಾಡಿದರೆ ಕಡಿಮೆ. ಇದು ಗ್ಲೋಬಸ್. ಉಸಿರಿನ ದಾರಿ ಸರಿಯಾಗಿಯೇ ಇರುತ್ತದೆ. ಅಸಿಡಿಟಿ, ಆತಂಕ ಜೊತೆಗಿರಬಹುದು. "ಏನೂ ಇಲ್ಲ ಹೋಗಿ" ಎನ್ನುವುದು ನನಗಂತೂ ಸರಿ ಕಾಣುವುದಿಲ್ಲ, ಅವರಿಗೆ ಅನಿಸುತ್ತಿರುವುದು ನಿಜ. ಊಟವೇ ಸಿಕ್ಕಿಕೊಳ್ಳುವುದು, ನುಂಗಿದರೆ ನೋವು, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು, ಮೂರು ವಾರ ದಾಟಿದ ಗೊಗ್ಗರು ಧ್ವನಿ, ಇವುಗಳಲ್ಲಿ ಒಂದಿದ್ದರೂ ಇಎನ್‌ಟಿ ವೈದ್ಯರು ನೋಡಲೇಬೇಕು. ತಂಬಾಕು, ಗುಟ್ಕಾ ಅಭ್ಯಾಸ ಇದೆಯಾ ಅಂತ ಕೇಳಿ ಬರೆದುಕೊಳ್ಳಿ.